ಗುಜರಿ ಪ್ಲೇಟುಗಳು: ನಾಟಕದ ಅರ್ಧ ಸಿಕ್ಕಿತು

ಮಳೆಗಾಲದಲ್ಲಿ ಬೆಂಗಳೂರಿನ ಸಂಡೆ ಬಜಾರಿನಲ್ಲಿ ಹಳೇ ಗ್ರಾಮಫೋನ್ ಪ್ಲೇಟು ಹುಡುಕುವುದು ಕಷ್ಟ. ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ನೆಲದ ಮೇಲೆ ಹರಡಿ ಕೂರುವವರು ಮೋಡ ಕಂಡರೆ ಸಾಕು, ಗಂಟು ಕಟ್ಟುತ್ತಾರೆ. ಆದರೂ ಈ ಸಲ ಬರಿಗೈಲಿ ಬರಲಿಲ್ಲ.

ಮೊದಲನೆಯದು ಒಂದು ಕನ್ನಡ ನಾಟಕದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಪ್ಲೇಟು, ಭಾಗ 3 ಮತ್ತು 4. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುವುದು ಸುಮಾರು ಮೂರು ನಿಮಿಷ ಅಷ್ಟೇ. ಅದಕ್ಕೇ ನಾಟಕಗಳನ್ನು ಸೆಟ್ ಮಾಡಿ ಮಾರುತ್ತಿದ್ದರು. ಸೆಟ್ ಚೆಲ್ಲಾಪಿಲ್ಲಿಯಾದ ಮೇಲೆ ನಮ್ಮ ಪಾಡು ಹೀಗೆ: ರಾಜನಿಗೆ ಯಾಕೆ ಸಿಟ್ಟು ಬಂತೋ ಗೊತ್ತಿಲ್ಲ, ಮೂರು ನಿಮಿಷ ಬೈಯುತ್ತಾನೆ.

ಇನ್ನೊಂದು, ಯಾವುದೋ ಹಿಂದಿ ಸಿನಿಮಾ ಕವರಿನೊಳಗೆ ಅಡಗಿದ್ದ ಪಿ. ಕಾಳಿಂಗರಾಯರ ಭಾವಗೀತೆ. ಗುಜರಿಯಲ್ಲಿ ಕವರನ್ನು ನಂಬಲೇಬಾರದು. ಪ್ಲೇಟನ್ನು ಹೊರಗೆಳೆದು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಗೆರೆಗಳು ಕಪ್ಪಗೆ ಮಿಂಚಿದರೆ ಸರಿ, ಬೂದು ಬಣ್ಣಕ್ಕೆ ತಿರುಗಿದ್ದರೆ ಸವೆದಿವೆ ಅಂತ. ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕಿತ್ತು. ಎಷ್ಟು ಮನೆಯಲ್ಲಿ ಬದಲಿಸಿರುತ್ತಾರೆ ಹೇಳಿ?

"ಆ್ಯಂಟಿಕ್ ಸಾರ್, ಗೋಡೆಗೆ ತಗಲಾಕೋಕೆ ಹೋಟೆಲ್‌ನೋರು ಇನ್ನೂ ಜಾಸ್ತಿ ಕೊಡ್ತಾರೆ" ಅಂದ ಅಂಗಡಿಯವನು.

"ನಾನು ಕೇಳೋಕೆ ತಗೊಳ್ತಿರೋದು ಅಣ್ಣ" ಅಂದೆ. ನಕ್ಕು ಸ್ವಲ್ಪ ಇಳಿಸಿದ. ಪ್ಲೇಟಿಗೆ ಪೇಂಟ್ ಬಳಿದು ಗಡಿಯಾರ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇರಲಿ.

ತೊಳೆಯುವ ಕೆಲಸ ಮುಗಿದಿದೆ. ಹಳೇ 78 ಪ್ಲೇಟುಗಳು ಅರಗಿನವು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಹಾಗಾಗಿ ತಣ್ಣೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮೆತ್ತನೆ ಬ್ರಷ್. ಲೇಬಲ್ ಮೇಲೆ ಡಬ್ಬದ ಮುಚ್ಚಳ ಒತ್ತಿ ಹಿಡಿದು, ಗೆರೆ ಸುತ್ತಿದ ಕಡೆಗೇ ಉಜ್ಜಿದೆ. ಮೊದಲ ನೀರು ಡಿಕಾಕ್ಷನ್ ಬಣ್ಣಕ್ಕೆ ಬಂತು.

ನುಡಿಸುವುದು ಬೇರೆ ತಾಪತ್ರಯ. 78ರ ಗೆರೆ ಅಗಲ. ಎಲ್‌ಪಿ (ಆಮೇಲೆ ಬಂದ ಸಣ್ಣ ಗೆರೆಯ ಪ್ಲೇಟು) ಮುಳ್ಳು ಹಾಕಿದರೆ ಅದು ತಳಕ್ಕಿಳಿದು ಬರೀ ಗೊರಗೊರ ಅನ್ನುತ್ತದೆ. 3 ಮಿಲ್‌ನ (ಇಂಚಿನ ಸಾವಿರದಲ್ಲಿ ಮೂರು ಪಾಲು) ದಪ್ಪ ಮುಳ್ಳು ತರಿಸಿದೆ. ನನ್ನ ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇಲ್ಲ. 45ರಲ್ಲಿ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡು, ಆಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ 78ಕ್ಕೆ ಏರಿಸಿದೆ. ತೂಕಡಿಸುತ್ತಿದ್ದ ರಾಜ ಆಮೇಲೆ ಸರಿಯಾಗಿ ಅಬ್ಬರಿಸಿದ, ಹಿಂದೆ ಹಾರ್ಮೋನಿಯಂ ಕೂಡ ಕೇಳಿಸಿತು. ಚಟಪಟ ಸದ್ದನ್ನು ಪೂರ್ತಿ ತೆಗೆದಿಲ್ಲ. ಜಾಸ್ತಿ ತೆಗೆದರೆ ದನಿಯ ಅಂಚೂ ಹೋಗುತ್ತದೆ.

ಮುಂದೆ ಮೈಸೂರು. ಹಳೇ ಕಾಲದ ಹೆಸರಾಂತ ಗಾಯಕಿ ಗೌಹರ್ ಜಾನ್ ಕೊನೆಗಾಲದಲ್ಲಿ ಅರಮನೆ ಆಸ್ಥಾನಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡವರು. 1902ರಿಂದ ಹಾಡಿದ ಅವರ ಒಂದಾದರೂ ಪ್ಲೇಟು ಅಲ್ಲಿನ ಯಾವುದಾದರೂ ಅಟ್ಟದಲ್ಲಿರಬೇಕು ಅಂತ ನನ್ನ ಹಟ. ಮೊದಮೊದಲು ಅವರ ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾರ ಹಾಡು ಅಂತ ತಿಳಿಯಬೇಕಲ್ವಾ? ಅದಕ್ಕೇ ಹಾಡಿನ ಕೊನೆಗೆ ಗೌಹರ್ ಜಾನ್ ಅವರೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಾರೆ. ಲೇಬಲ್ ಹರಿದಿದ್ದರೂ ಗುರುತು ಸಿಗುತ್ತದೆ. ಹೋಗುವ ಮೊದಲು ಬ್ಯಾಗಿನ ಎರಡೂ ಕಡೆ ದಪ್ಪ ರಟ್ಟು ಕೊಡಿಸಬೇಕು, ಬಸ್ಸಿನ ಕುಲುಕಾಟಕ್ಕೆ ಅರಗಿನ ಪ್ಲೇಟು ಉಳಿಯುವುದಿಲ್ಲ.