ಹಣ್ಣು ಟೊಮೆಟೊ ಡಿಎನ್‌ಎ ಕೊನೆಗೂ ತುಂಡಾಯ್ತು

ಟೊಮೆಟೊ ಹಣ್ಣಾಗುವಾಗ ಡಿಎನ್‌ಎ ಮೇಲಿನ ಮೀಥೈಲ್ ಅನ್ನೋ ರಾಸಾಯನಿಕ ಗುರುತು ಅಳಿಯೋದನ್ನು ಮನೆಯಲ್ಲೇ ನೋಡಬೇಕಿತ್ತು. ಗುರುತಿಲ್ಲದ ಕಡೆ ಕತ್ತರಿಸುವ ಕಿಣ್ವ ಹಾಕಿ, ಆಮೇಲೆ ಪಿಸಿಆರ್‌ನಲ್ಲಿ ಆ ಭಾಗವನ್ನು ನಕಲು ಮಾಡಿ ಜೆಲ್ ಮೇಲೆ ಓಡಿಸೋದು: ಡಿಎನ್‌ಎ ಇಡಿಯಾಗಿದ್ದರೆ ಗೆರೆ (ಬ್ಯಾಂಡ್) ಕಾಣುತ್ತದೆ, ತುಂಡಾಗಿದ್ದರೆ ಇಲ್ಲ. ಈಗ ಜೆಲ್‌ನಲ್ಲಿ ಕಾಯಿಯ ಸಾಲಲ್ಲಿ ಬ್ಯಾಂಡ್, ಹಣ್ಣಿನ ಸಾಲು ಖಾಲಿ. ಇದಕ್ಕೇ ಕಾಯ್ತಿದ್ದೆ! ಕಿಣ್ವ ಹಾಕದೆ ಬಿಟ್ಟ ಹಣ್ಣಿನ ಡಿಎನ್‌ಎ ಬ್ಯಾಂಡ್ ಕೊಟ್ಟಿದೆ, ಹಾಗಾಗಿ ಪಿಸಿಆರ್ ಕೈಕೊಟ್ಟದ್ದಲ್ಲ.

ಕಾಯಿ, ಹಣ್ಣು ಎರಡೂ ಕುವೆಂಪುನಗರದ ನಮ್ಮ ತಾರಸಿಯ ಒಂದೇ ಗಿಡದವು. ಟೊಮೆಟೊ ಹಣ್ಣಾಗುವಾಗ ಡಿಎಂಎಲ್2 ಅನ್ನೋ ಕಿಣ್ವ, ಹಣ್ಣಾಗಿಸುವ ಜೀನ್‌ಗಳ ಪ್ರೊಮೋಟರ್‌ನಿಂದ (ಜೀನ್ ಶುರು ಮಾಡಿಸುವ ಭಾಗ) ಮೀಥೈಲ್ ಹೊತ್ತ ಸೈಟೋಸಿನ್ನನ್ನೇ (ಡಿಎನ್‌ಎ ಅಕ್ಷರಗಳಲ್ಲಿ ಸಿ) ಕಿತ್ತು ಹಾಕುತ್ತದೆ. ಆ ಜಾಗಕ್ಕೆ ರಿಪೇರಿ ಕಿಣ್ವಗಳು ಹೊಸ ಸೈಟೋಸಿನ್ ಕೂರಿಸುತ್ತವೆ. ಡಿಎಂಎಲ್2 ಅನ್ನು ತಗ್ಗಿಸಿದರೆ ಹಣ್ಣಾಗೋದಕ್ಕೇ ತಡೆ ಬೀಳುತ್ತದೆ ಅಂತ 2015ರಲ್ಲಿ ತೋರಿಸಿದ್ದಾರೆ. ನಮ್ಮ ಮೈಯಲ್ಲಿ ಹೀಗಲ್ಲ. ಟೆಟ್ ಕಿಣ್ವಗಳು ಮೀಥೈಲ್‌ಗೆ ಹಂತಹಂತವಾಗಿ ಆಕ್ಸಿಜನ್ ಸೇರಿಸಬೇಕು, ಆಮೇಲಷ್ಟೇ ಟಿಡಿಜಿ ಅನ್ನೋ ಇನ್ನೊಂದು ಕಿಣ್ವ ಬಂದು ಕೀಳುತ್ತದೆ. ಗಿಡದ ನೇರ ದಾರಿಯೇ ನನಗೆ ಜಾಸ್ತಿ ಇಷ್ಟ.

ನಾನು ಹಾಕಿದ ಕತ್ತರಿ ಕಿಣ್ವ ಎಚ್‌ಪಿಎ2, ಡಿಎನ್‌ಎಯಲ್ಲಿ ಸಿಸಿಜಿಜಿ ಅನ್ನೋ ಅಕ್ಷರಗಳು ಸಿಕ್ಕಲ್ಲಿ ಕತ್ತರಿಸುತ್ತದೆ, ಒಳಗಿನ ಸಿ ಮೇಲೆ ಮೀಥೈಲ್ ಇದ್ದರೆ ಮುಟ್ಟಲ್ಲ. ಹಣ್ಣಿನಲ್ಲಿ ಮೀಥೈಲ್ ಹೋಗಿರುತ್ತದೆ, ಅಂದರೆ ಡಿಎನ್‌ಎ ತುಂಡಾಗಿ ಬ್ಯಾಂಡ್ ಬರಬಾರದು. ಬರ್ತಾನೇ ಇತ್ತು! ಮೊದಲು ಕಿಣ್ವದ ಮೇಲೇ ಅನುಮಾನ. ಮೈನಸ್ 20 ಡಿಗ್ರಿಯಲ್ಲಿ ಇಡಬೇಕಾದ ಸಾಮಾನು, ಕೈಗೆ ಬಂದಾಗ ಐಸ್ ಪ್ಯಾಕ್ ಪೂರ್ತಿ ನೀರು. ಮಾರಿದವರಿಗೆ ಫೋನ್ ಮಾಡಿದರೆ "ಏನೂ ಆಗಲ್ಲ ಸಾರ್" ಅಂತಾರೆ. ಅಷ್ಟು ದುಡ್ಡು ತಗೊಂಡು ಹೀಗೆ ಕಳಿಸೋದು ಸರೀನಾ? ಆದರೂ ಬರೀ ಲ್ಯಾಂಬ್ಡಾ ಅನ್ನೋ ವೈರಸ್‌ನ ಡಿಎನ್‌ಎ ಕೊಟ್ಟು ನೋಡಿದೆ, ಚೂರು ಚೂರು ಮಾಡಿತು. ಅದೇ ಲ್ಯಾಂಬ್ಡಾವನ್ನು ಹಣ್ಣಿನ ಡಿಎನ್‌ಎ ಜೊತೆ ಬೆರೆಸಿದರೆ ಇಡಿಯಾಗಿ ಉಳಿಯಿತು. ಸಿಕ್ಕಿಬಿತ್ತು ಕಳ್ಳ!

ಪೆಕ್ಟಿನ್, ಹಣ್ಣಿನ ಅಂಟು. ಹಣ್ಣಿನ ಪೆಲೆಟ್ (ಟ್ಯೂಬಿನ ತಳದಲ್ಲಿ ಕೂತ ಡಿಎನ್‌ಎ ಮುದ್ದೆ) ಲೋಳೆಸರದ ತಿರುಳಿನ ಹಾಗಿರುತ್ತದೆ, ಪಿಪೆಟ್ ತುದಿ ಎತ್ತಿದರೆ ನೂಲು ನೂಲಾಗಿ ಏಳುತ್ತದೆ. ಕತ್ತರಿಸುವ ಟ್ಯೂಬಿನಲ್ಲಿ ಅದು ಮಂದವಾಗೇ ಇದ್ದು ಕಿಣ್ವವನ್ನು ತಡೆಯುತ್ತದೆ. ಪಿಸಿಆರ್‌ಗೆ ಹಾಕುವಾಗ ತೆಳುವಾಗೋದರಿಂದ ಪಿಸಿಆರ್ ಮಾತ್ರ ಸಲೀಸಾಗಿ ಓಡುತ್ತದೆ, ಬ್ಯಾಂಡ್ ನೋಡಿದವರಿಗೆ ಮೀಥೈಲ್ ಇನ್ನೂ ಇದೆ ಅನ್ನಿಸುತ್ತದೆ. ಎಥನಾಲ್ ಹಾಕೋ ಮುಂಚೆ ಉಪ್ಪನ್ನು 1 ಮೋಲಾರ್‌ಗಿಂತ ಮೇಲೇರಿಸಿದೆ. ಪೆಕ್ಟಿನ್ ದ್ರಾವಣದಲ್ಲೇ ಉಳಿಯಿತು, ಡಿಎನ್‌ಎ ಕೆಳಗೆ ಕೂತಿತು. ಬೀಜದ ಸುತ್ತಲಿನ ಲೋಳೆ ಬಿಟ್ಟು ಬರೀ ಗಟ್ಟಿ ತಿರುಳು ತಗೊಂಡರೆ ಇನ್ನೂ ಒಳ್ಳೇದು. ಇನ್ಮೇಲೆ ಪ್ರತಿ ಮಾದರಿಗೂ ಲ್ಯಾಂಬ್ಡಾ ಬೆರೆಸಿದ ಒಂದು ಟ್ಯೂಬ್ ಇರಲೇಬೇಕು, ಇಲ್ಲದಿದ್ದರೆ ನಾನಂತೂ ಬ್ಯಾಂಡ್ ನಂಬಲ್ಲ.

ಅಂದಹಾಗೆ ಮುಂದಿನದು ನಂಜನಗೂಡು ರಸಬಾಳೆ. ಟಿಶ್ಯೂ ಕಲ್ಚರ್ ಬಾಳೆಯಲ್ಲಿ ಕೆಲವು ಸಸಿ ತಾಯಿಗಿಂತ ಬೇರೆ ಥರ ಬರುತ್ತವಲ್ಲ, ಅವುಗಳ ಮೀಥೈಲ್ ಗುರುತು ಬದಲಾಗಿರುತ್ತಾ ನೋಡಬೇಕು. ಬಾಳೆ ರಸ ಬೇಗ ಕಪ್ಪಾಗುತ್ತದೆ, ಅದನ್ನು ತಡೆಯೋ ಪಿವಿಪಿ ಪುಡಿ ತರಿಸಬೇಕು, ಈ ಸಲ ಬೇರೆಯವರ ಹತ್ತಿರ. ಅಸಲಿ ರಸಬಾಳೆ ಕಂದು ಯಾರ ತೋಟದಲ್ಲಾದ್ರೂ ಇದ್ದರೆ ತಿಳಿಸಿ, ನಾನೇ ಬಂದು ತಗೊಂಡು ಹೋಗ್ತೀನಿ.