ಒಂದು ಪಾಯಿಂಟು

ನಿನ್ನೆ ರಾತ್ರಿ ನಿದ್ದೆ ಬರ್ದೆ ಫೋನಲ್ಲಿ ಹಳೇ ಬ್ಯಾಡ್ಮಿಂಟನ್ ಮ್ಯಾಚ್‌ಗಳನ್ನ ಹುಡುಕ್ತಾ ಕೂತಿದ್ದೆ, ಎಲ್ಲೆಲ್ಲೋ ಸುತ್ತಿ ಕೊನೆಗೆ ಥಾಯ್ಲೆಂಡಿನ ಬೂನ್‌ಸಾಕ್ ಪೊನ್ಸಾನ ಹತ್ರ ಬಂದು ನಿಂತೆ. ಈಗಿನ ಹುಡುಗ್ರಿಗೆ ಈ ಹೆಸ್ರು ಗೊತ್ತಿರೋದು ಡೌಟೇ.

2004ರ ಅಥೆನ್ಸ್ ಒಲಿಂಪಿಕ್ಸ್. ಸೆಮಿಫೈನಲ್ಲಲ್ಲಿ ಇಂಡೋನೇಷ್ಯಾದ ತೌಫಿಕ್ ಹಿದಾಯತ್ ಎದುರು ಸೋತ, ಹೋಗ್ಲಿ ಬಿಡಿ, ತೌಫಿಕ್ ಆ ಸಲ ಚಿನ್ನಾನೇ ಹೊಡ್ಕೊಂಡು ಹೋದ. ಆದ್ರೆ ಕಂಚಿನ ಮ್ಯಾಚು ನೋಡಿ, ಇನ್ನೊಬ್ಬ ಇಂಡೋನೇಷ್ಯಾದವನು ಸೋನಿ ದ್ವಿ ಕುಂಚೊರೊ ಎದುರು 11-15, 16-17ರಲ್ಲಿ ಸೋತ. ಆಗಿನ್ನೂ ಹಳೇ ಸ್ಕೋರಿಂಗು, ಸರ್ವ್ ನಮ್ಮ ಕೈಲಿದ್ರೆ ಮಾತ್ರ ಪಾಯಿಂಟು, ಅಂದ್ರೆ ರ‍್ಯಾಲಿ ಗೆದ್ರೂ ಎಷ್ಟೋ ಸಲ ಬೋರ್ಡ್ ಅಲುಗಾಡಲ್ಲ. ಆ ಲೆಕ್ಕದಲ್ಲಿ 16-17 ಅಂದ್ರೆ ಹೊಟ್ಟೆ ಕಿವುಚುತ್ತೆ ಕಣ್ರೀ.

ನಾಲ್ಕನೇ ಜಾಗ. ನಾನಾಗಿದ್ರೆ ರ‍್ಯಾಕೆಟ್ ಅಟ್ಟದ ಮೇಲೆ ಎಸ್ದು ಮಲಗ್ತಿದ್ದೆ (ಭಾನುವಾರದ ಡಬಲ್ಸ್ ಸೋತ್ರೇ ಎರಡು ದಿನ ಮನೇಲಿ ಮಾತಾಡಲ್ಲ ನಾನು). ಈತ 2007ರಲ್ಲಿ ಸಿಂಗಾಪುರ್ ಓಪನ್ ಗೆದ್ದ, 2012ರಲ್ಲಿ ಮತ್ತೆ ಅದನ್ನೇ ಗೆದ್ದ. 2013ರಲ್ಲಿ ಬ್ಯಾಂಕಾಕಲ್ಲಿ ತನ್ನೂರಿನ ಜನರ ಮುಂದೇನೇ ಥಾಯ್ಲೆಂಡ್ ಓಪನ್ ಫೈನಲ್ಲು, ಆಚೆ ಕಡೆ ನಮ್ಮ ಕಿಡಂಬಿ ಶ್ರೀಕಾಂತ್, ಇಪ್ಪತ್ತು ವರ್ಷದ ಹುಡುಗ, ಎರಡೇ ಗೇಮಲ್ಲಿ ಮುಗಿಸಿಬಿಟ್ಟ. ಆವತ್ತು ನಾವೆಲ್ಲ ಕುಣಿದಾಡಿದ್ವಿ, ನೆಟ್ಟಿನ ಆ ಕಡೆ ನಿಂತಿದ್ದೋನ ಬಗ್ಗೆ ಯಾರ್ ಯೋಚ್ನೆ ಮಾಡಿದ್ರು.

ಥಾಯ್ಲೆಂಡಿಗೆ ಬ್ಯಾಡ್ಮಿಂಟನ್ನಲ್ಲಿ ಮೊದಲ ಒಲಿಂಪಿಕ್ ಪದಕ ಬಂದಿದ್ದು 2024ರಲ್ಲಿ, ಪ್ಯಾರಿಸ್ಸಲ್ಲಿ, ಕುನ್ಲಾವುತ್‌ದು, ಬೆಳ್ಳಿ. ಅಥೆನ್ಸ್ ಆಗಿ ಸರಿಯಾಗಿ ಇಪ್ಪತ್ತು ವರ್ಷ. ಆ ಫೈನಲ್ ದಿನ ಬೂನ್‌ಸಾಕ್ ಟಿವಿ ಮುಂದೆ ಕೂತಿದ್ನಾ, ಕೂತಿದ್ರೆ ಆ 16-17 ನೆನಪಾಯ್ತಾ ಅಂತ ಯೋಚಿಸ್ತಾ ಯೋಚಿಸ್ತಾ ಎರಡೂವರೆ ಆಯ್ತು, ಬೆಳಗ್ಗೆ ಆಫೀಸಿಗೆ ಲೇಟು.