ಕೊನೆಗೂ ಕೊಂದಿದ್ದು ಯಾರು?

'ಬ್ಯುಫೆ ಫ್ರುವಾ' ನೋಡಿ ಅಂತ ಯಾರಿಗೆ ಹೇಳಿದರೂ ಎರಡು ದಿನ ಬಿಟ್ಟು ಅದೇ ಪ್ರಶ್ನೆ ಬರುತ್ತದೆ. "ಅದೆಲ್ಲಾ ಸರಿ ಮಾರಾಯ್ರೇ, ಆ ಸ್ಟೇಷನ್‌ನಲ್ಲಿ ಕೊಲೆ ಮಾಡಿದ್ದು ಯಾರು?"

ಸಿನಿಮಾ ಅದನ್ನು ಹೇಳುವುದೇ ಇಲ್ಲ. ಕೊನೆತನಕ ಕಾದರೂ ಇಲ್ಲ.

ನೋಡದವರಿಗೆ ಸ್ವಲ್ಪ ಕತೆ. ಇದು 1979ರ ಫ್ರೆಂಚ್ ಸಿನಿಮಾ, ನಿರ್ದೇಶಕ ಬರ್ತ್ರಾಂ ಬ್ಲಿಯೇ. ಪ್ಯಾರಿಸ್ ಪಕ್ಕದ ಲಾ ದೆಫಾನ್ಸ್ ರೈಲು ನಿಲ್ದಾಣ. ರಾತ್ರಿ, ನರಪಿಳ್ಳೆ ಇಲ್ಲ. ಕೆಲಸವಿಲ್ಲದ ಅಲ್ಫೋನ್ಸ್ (ಜೆರಾರ್ ದೆಪಾರ್ದ್ಯೂ) ಒಬ್ಬ ಲೆಕ್ಕಿಗನ ಪಕ್ಕ ಕೂತು ಸುಮ್ನೆ ಮಾತಿಗೆ ಎಳೆಯುತ್ತಾನೆ, ತನ್ನ ಚಾಕು ತೋರಿಸುತ್ತಾನೆ. ಚಾಕು ಕಾಣೆಯಾಗುತ್ತದೆ. ಆಮೇಲೆ ನೋಡಿದರೆ ಅದು ಲೆಕ್ಕಿಗನ ಹೊಟ್ಟೆಯಲ್ಲಿ!

ಅಲ್ಫೋನ್ಸ್ ಇರುವುದು ಖಾಲಿ ಹೊಡೆಯುವ ಒಂದು ಎತ್ತರದ ಕಟ್ಟಡದಲ್ಲಿ. ಅವನು, ಹೆಂಡತಿ, ಹೊಸದಾಗಿ ಬಂದ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್, ಅಷ್ಟೇ ಜನ. ಇನ್‌ಸ್ಪೆಕ್ಟರಿಗೆ ಕೊಲೆಯ ಸುದ್ದಿ ಹೇಳಿದರೆ ಅವನಿಗೆ ಅದೊಂದು ಕಿರಿಕಿರಿ. ಮುಂದೆ ಹೆಂಡತಿಯ ಕೊಲೆಯಾಗುತ್ತದೆ. ಕೊಂದವನೇ ಬಾಗಿಲಿಗೆ ಬಂದು "ನಾನೇ" ಅನ್ನುತ್ತಾನೆ. ಅಲ್ಫೋನ್ಸ್ ಅವನನ್ನು ಒಳಗೆ ಕರೆದು ಕೂರಿಸುತ್ತಾನೆ. ನಾನು ಮೊದಲ ಸಲ ನಕ್ಕಿದ್ದು ಇಲ್ಲಿ. ನಕ್ಕ ಮೇಲೆ ಮುಜುಗರವೂ ಆಯಿತು.

ಹೆಂಡತಿಯನ್ನು ಕಳೆದುಕೊಂಡವನು, ಅವಳನ್ನು ಕೊಂದವನು, ಹಿಡಿಯಬೇಕಾದ ಪೊಲೀಸು. ಮೂವರೂ ಗೆಳೆಯರಾಗುತ್ತಾರೆ! ಯಾಕೆ? ಒಬ್ಬರ ಮೇಲೊಬ್ಬರಿಗೆ ಪ್ರೀತಿ ಅಂತೇನಲ್ಲ. ಆ ಕಟ್ಟಡದಲ್ಲಿ ರಾತ್ರಿ ಒಬ್ಬನೇ ಇರುವುದಕ್ಕಿಂತ ಕೊಲೆಗಾರನ ಜೊತೆಯಾದರೂ ವಾಸಿ. ಆ ಕೊಲೆಗಾರನಿಗೂ ಕತ್ತಲೆಂದರೆ ಭಯ.

ನಮ್ಮಲ್ಲಿ 'ಕೈ ಕೊಟ್ಟ' ಅಂದರೆ ಮೋಸ ಮಾಡಿದ ಅಂತ ಅರ್ಥ ಅಲ್ವಾ? ಸ್ನೇಹಕ್ಕೆ ಚಾಚುವುದೂ ಅದೇ ಕೈ. ಈ ಮೂವರ ಕತೆಗೆ ಕನ್ನಡದ ಆ ಮಾತು ಹೇಳಿ ಮಾಡಿಸಿದಂತಿದೆ. ಯಾರೂ ಯಾರಿಗೂ ಮಾತು ಕೊಟ್ಟಿಲ್ಲ, ಹಾಗಾಗಿ ಮಾತಿಗೆ ತಪ್ಪಿದರು ಅನ್ನುವ ಹಾಗೂ ಇಲ್ಲ. ಅದೇ ಜಾಸ್ತಿ ಚುಚ್ಚುತ್ತದೆ.

ಇನ್ನು ಮುಂದೆ ಅಂತ್ಯದ ಮಾತು. ಬೇಡದವರು ಇಲ್ಲಿಗೆ ನಿಲ್ಲಿಸಿ.

ಕೊನೆಗೆ ಒಂದು ದೋಣಿಯಲ್ಲಿ ಅಲ್ಫೋನ್ಸ್, ಇನ್‌ಸ್ಪೆಕ್ಟರ್, ಒಬ್ಬ ಹುಡುಗಿ. ಇನ್‌ಸ್ಪೆಕ್ಟರಿಗೆ ಈಜು ಬರುವುದಿಲ್ಲ. ಅದು ಗೊತ್ತಾದ ಮೇಲೆ ಅಲ್ಫೋನ್ಸ್ ಅವನನ್ನು ನೀರಿಗೆ ಹಾಕುತ್ತಾನೆ, ಕಸ ಎಸೆದಷ್ಟು ಸಲೀಸಾಗಿ. ಆ ಪಾತ್ರ ಮಾಡಿದ ಬೆರ್ನಾರ್ ಬ್ಲಿಯೇ ನಿರ್ದೇಶಕರ ಸ್ವಂತ ಅಪ್ಪ! ಅಪ್ಪನನ್ನು ಹೀಗೆ ಮುಳುಗಿಸಿದ ಚಿತ್ರಕಥೆಗೆ ಮಗನಿಗೆ 1980ರಲ್ಲಿ ಫ್ರಾನ್ಸಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಸೀಸರ್ ಬಂತು.

ದೋಣಿಯಲ್ಲಿ ಉಳಿದ ಹುಡುಗಿ (ಕರೋಲ್ ಬುಕೆ) ಆ ಲೆಕ್ಕಿಗನ ಮಗಳು. ಅವಳು ಅಲ್ಫೋನ್ಸ್‌ಗೆ ಗುಂಡು ಹೊಡೆಯುತ್ತಾಳೆ. ಅವಳ ಲೆಕ್ಕದಲ್ಲಿ ಕೊಂದವನು ಅವನೇ. ನನ್ನ ಲೆಕ್ಕದಲ್ಲಿ? ಮೊದಲ ಸಲ ನೋಡಿದಾಗ ಅಲ್ಲ ಅಂದುಕೊಂಡಿದ್ದೆ. ದೋಣಿಯಲ್ಲಿ ಅವನ ಕೈ ಎಷ್ಟು ಸಲೀಸು ಅಂತ ಇನ್ನೊಮ್ಮೆ ನೋಡಿದ ಮೇಲೆ ಅಷ್ಟು ಗಟ್ಟಿಯಾಗಿ ಹೇಳಲಾರೆ.